ನೀರಿನ ಪಾಳಿ, ಪುಸ್ತಕದ ಪಾಳಿ

ಚಳಿಗಾಲದ ರಾತ್ರಿ ಹನ್ನೊಂದು ಗಂಟೆಗೆ ನಮ್ಮ ಬನಹಟ್ಟಿ ಸೀಮೆಯಲ್ಲಿ ಎಚ್ಚರವಾಗಿರುವವರು ಎರಡು ಬಗೆಯ ಜನ. ಊರೊಳಗೆ ವಿದ್ಯುತ್ ಮಗ್ಗದ ಮುಂದೆ ನಿಂತ ನೇಕಾರರು. ಊರ ಹೊರಗೆ ತ್ರೀಫೇಸ್ ಕರೆಂಟಿನ ದಾರಿ ಕಾಯುತ್ತ ಕುಳಿತ ರೈತರು. 2024ರ ಡಿಸೆಂಬರಿನಲ್ಲಿ ಈ ಎರಡನೆಯ ಪಂಗಡದಲ್ಲಿದ್ದ ನಾನು ಮೂರನೆಯದೊಂದು ಕೆಲಸವನ್ನೂ ಮೈಮೇಲೆ ಎಳೆದುಕೊಂಡಿದ್ದೆ. ಮೋಟಾರ್ ಖೋಲಿಯ ಗೋಡೆಗೆ ಒರಗಿ, ಕಂಬಳಿ ಹೊದ್ದು, ಮಗನ ಹಳೆಯ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು, ನೂರು ವರ್ಷ ಹಳೆಯದಾದ ಒಂದು ಕನ್ನಡ ಪುಸ್ತಕದ ಕರಡು ತಿದ್ದುವ ಕೆಲಸ. ಸಂಬಳವಿಲ್ಲ, ಗೌರವಧನವಿಲ್ಲ. ಯಾರೂ ಬಲವಂತ ಮಾಡಿರಲಿಲ್ಲ. ಆದರೂ ಅದಕ್ಕೊಂದು ಗಡುವಿತ್ತು.

ಗಡುವಿಗೆ ಹಿನ್ನೆಲೆಯಾದದ್ದು ಒಂದು ಕಾನೂನು. ನಮ್ಮ ದೇಶದಲ್ಲಿ ಲೇಖಕ ತೀರಿಕೊಂಡ ಮರುವರ್ಷದ ಮೊದಲ ದಿನದಿಂದ ಎಣಿಸಿ ಅರವತ್ತು ವರ್ಷಗಳವರೆಗೆ ಅವನ ಬರಹಗಳ ಮೇಲೆ ಕೃತಿಸ್ವಾಮ್ಯ ಇರುತ್ತದೆ. ಆಮೇಲೆ ಅವು ಎಲ್ಲರ ಸ್ವತ್ತು. ವಚನ ಪಿತಾಮಹರೆಂದು ನಾಡು ಕರೆಯುವ ಫ.ಗು. ಹಳಕಟ್ಟಿಯವರು ತೀರಿಕೊಂಡದ್ದು 1964ರ ಜೂನ್ 29ರಂದು. ಹಾಗಾಗಿ 2025ರ ಜನವರಿ 1ರಿಂದ ಅವರ ಬರಹಗಳು ಬಿಡುಗಡೆಯಾಗಲಿದ್ದವು. ಆ ದಿನದ ಹೊತ್ತಿಗೆ ನಾವೊಂದಿಷ್ಟು ಜನ ಸಿದ್ಧರಾಗಿರಬೇಕು, ಅದಕ್ಕೆ ಮೊದಲು ಬೇರೊಂದು ಸಣ್ಣ ಪುಸ್ತಕದಲ್ಲಿ ಕೈ ಪಳಗಿಸಿಕೊಳ್ಳಬೇಕು ಎಂಬುದು ನಮ್ಮ ಯೋಚನೆಯಾಗಿತ್ತು.

ನಾವು ಎಂದರೆ ಏಳು ಜನ. ಜಮಖಂಡಿಯ ಒಬ್ಬ ನಿವೃತ್ತ ಗ್ರಂಥಪಾಲಕರು, ಮುಧೋಳದ ಒಬ್ಬ ಶಿಕ್ಷಕಿ, ರಬಕವಿಯ ಒಬ್ಬ ನೇಕಾರ, ಬೀಳಗಿಯ ಇಬ್ಬರು, ಮುಧೋಳ ಕಡೆಯವನೇ ಆಗಿ ಈಗ ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸ ಮಾಡುವ ಒಬ್ಬ ಹುಡುಗ, ಜೊತೆಗೆ ಮೂವತ್ತನಾಲ್ಕು ವರ್ಷ ಕನ್ನಡ ಕಲಿಸಿ ನಿವೃತ್ತನಾಗಿ ನಾಲ್ಕು ಎಕರೆ ಹೊಲಕ್ಕೆ ಮರಳಿದ ನಾನು. ಪುಸ್ತಕ ಸಿಕ್ಕಿದ್ದು ಬೀಳಗಿಯಲ್ಲಿ. ಆಲಮಟ್ಟಿ ಹಿನ್ನೀರಿಗೆ ಊರು ಬಿಟ್ಟುಕೊಟ್ಟು ಪುನರ್ವಸತಿ ಕೇಂದ್ರಕ್ಕೆ ಬಂದ ಒಂದು ಮನೆತನದವರು ಪಾತ್ರೆ ಪಗಡ, ದೇವರ ಜಗುಲಿಯ ಸಾಮಾನುಗಳೊಡನೆ ಒಂದು ತಗಡಿನ ಟ್ರಂಕನ್ನೂ ತಂದಿದ್ದರು. ಅದರೊಳಗೆ 1920ರ ದಶಕದಲ್ಲಿ ಅಚ್ಚಾದ 268 ಪುಟಗಳ ಒಂದು ಗದ್ಯ ಪುಸ್ತಕ. ಲೇಖಕರು ಸ್ವಾತಂತ್ರ್ಯಕ್ಕೆ ಮೊದಲೇ ತೀರಿಕೊಂಡವರು. ಹೊದಿಕೆ ಹೋಗಿತ್ತು. ಅಂಚುಗಳನ್ನು ಗೆದ್ದಲು ಮುಟ್ಟಿತ್ತು. ನಾವು ವಿಚಾರಿಸಿದ ಯಾವ ಗ್ರಂಥಾಲಯದಲ್ಲೂ ಅದರ ಇನ್ನೊಂದು ಪ್ರತಿ ಸಿಗಲಿಲ್ಲ.

ಇಂಥ ಪುಸ್ತಕವನ್ನು ಉಳಿಸುವ ವಿಧಾನ ಈಗ ಸಾಕಷ್ಟು ಸರಳವಾಗಿದೆ. ಪುಟಗಳ ಚಿತ್ರ ತೆಗೆದು ವಿಕಿಸೋರ್ಸ್ ಎಂಬ ಮುಕ್ತ ಗ್ರಂಥಾಲಯಕ್ಕೆ ಏರಿಸಿದರೆ ಯಂತ್ರವೇ ಅಕ್ಷರಗಳನ್ನು ಓದಿಕೊಡುತ್ತದೆ. ಒಂದು ಬದಿಗೆ ಪುಟದ ಚಿತ್ರ, ಇನ್ನೊಂದು ಬದಿಗೆ ಯಂತ್ರ ಓದಿದ ಪಠ್ಯ. ಯಂತ್ರ ಓದಿದ್ದನ್ನು ಮನುಷ್ಯ ತಿದ್ದಬೇಕು. ತಿದ್ದದ ಪುಟಕ್ಕೆ ಕೆಂಪು ಗುರುತು, ಒಬ್ಬರು ತಿದ್ದಿದ್ದಕ್ಕೆ ಹಳದಿ, ಬೇರೊಬ್ಬರು ಮತ್ತೆ ಓದಿ ಒಪ್ಪಿದ್ದಕ್ಕೆ ಹಸಿರು. ತಾನೇ ತಿದ್ದಿದ ಪುಟಕ್ಕೆ ತಾನೇ ಹಸಿರು ಕೊಡುವಂತಿಲ್ಲ. ಈ ನಿಯಮ ನನಗೆ ಬಹಳ ಹಿಡಿಸಿತು.

ಆದರೆ ಹಳೆಯ ಅಚ್ಚಿನ ಕನ್ನಡವನ್ನು ಓದುವಾಗ ಯಂತ್ರ ಎಡವದ ಜಾಗವಿಲ್ಲ. ‘ಮ’ ಕಂಡಲ್ಲಿ ‘ವು’ ಎನ್ನುತ್ತದೆ, ‘ಪ’ವನ್ನು ‘ವ’ ಮಾಡುತ್ತದೆ. ‘ಥ’, ‘ಧ’, ‘ಘ’, ‘ಫ’ ಇವುಗಳ ನಡುವೆ ಅದಕ್ಕೆ ಭೇದಭಾವವೇ ಇಲ್ಲ. ಒತ್ತಕ್ಷರ ಮಸುಕಾಗಿದ್ದರೆ ನುಂಗಿಯೇಬಿಡುತ್ತದೆ. ಒಂದು ಪುಟಕ್ಕೆ ಮುಕ್ಕಾಲು ತಾಸು ಬೇಕು. ಮೊದಲ ಓದಿಗೆ ತಲೆಗೆ ಸುಮಾರು 38 ಪುಟ, ಎರಡನೆಯ ಓದಿಗೆ ಮತ್ತಷ್ಟೇ. ಎಲ್ಲ ಕೂಡಿದರೆ ಒಬ್ಬೊಬ್ಬರಿಗೆ ಅರವತ್ತು ತಾಸಿನ ಹತ್ತಿರ ಹತ್ತಿರದ ದುಡಿಮೆ. ನವೆಂಬರ್ ನಡುವಿಗೆ ಆರಂಭಿಸಿ ಡಿಸೆಂಬರ್ 31ಕ್ಕೆ ಮುಗಿಸುವುದೆಂದು ಗೊತ್ತುಮಾಡಿಕೊಂಡೆವು. ‘ವರ್ಷದ ಕೊನೆಗೆ ಎಲ್ಲರಿಗೂ ರಜೆ ಇರ್ತದಲ್ಲ ಸರ’ ಎಂದು ಬೆಂಗಳೂರಿನ ಹುಡುಗ ಫೋನಿನಲ್ಲಿ ಹೇಳಿದಾಗ ನಾನೂ ತಲೆಯಾಡಿಸಿದೆ. ಶಾಲೆಯಲ್ಲಿ ದುಡಿದವನ ತಲೆಯಲ್ಲಿ ಇನ್ನೂ ಶಾಲೆಯ ಕ್ಯಾಲೆಂಡರೇ ಇತ್ತೆಂದು ಕಾಣುತ್ತದೆ.

ಕೃಷ್ಣೆ–ಘಟಪ್ರಭೆಗಳ ನಡುವಿನ ಈ ನೆಲದಲ್ಲಿ ನವೆಂಬರಿನಿಂದ ಫೆಬ್ರುವರಿಯವರೆಗೆ ರಜೆ ಎಂಬ ಮಾತಿಗೆ ಅರ್ಥವಿಲ್ಲ. ಸಕ್ಕರೆ ಕಾರ್ಖಾನೆಗಳು ಕಬ್ಬು ನುರಿಸಲು ತೊಡಗುತ್ತವೆ. ಕಟಾವಿನ ಪಾಳಿ ಯಾವ ದಿನ ಬರುತ್ತದೆಂದು ಹೇಳಬರುವುದಿಲ್ಲ. ಬಂದ ದಿನ ಬಿಟ್ಟರೆ ಮುಂದಿನದು ಎಂದೋ. ಅಷ್ಟರಲ್ಲಿ ಕಬ್ಬು ಒಣಗಿ ತೂಕ ಬಿಡುತ್ತದೆ. ಕಡಿಯುವ ಗ್ಯಾಂಗಿನವರಿಗೆ ನೀರು, ನೆರಳು, ಮುಂಗಡ ನೋಡಬೇಕು. ಕಬ್ಬು ಹೋದ ಮೇಲೆ ರವದಿಯ ವ್ಯವಸ್ಥೆಯಾಗಬೇಕು, ಕೂಳೆಗೆ ನೀರು ಬಿಡಬೇಕು. ಅತ್ತ ಎರೆಹೊಲದಲ್ಲಿ ಬಿಳಿಜೋಳ ತೆನೆ ಕಟ್ಟುತ್ತಿರುತ್ತದೆ. ಬೆಳಗು ಬೈಗು ಹಕ್ಕಿ ಕಾಯಬೇಕು. ಕಡಲೆ ಹೂವಾಡಿ ಕಾಯಿ ಹಿಡಿಯುವ ಕಾಲವೂ ಅದೇ. ಅರಿಷಿಣ ಹಾಕಿದವರಿಗೆ ಸಂಕ್ರಾಂತಿ ಕಳೆದರೆ ಅಗೆಯುವ, ಕುದಿಸುವ, ಒಣಗಿಸುವ ಕೆಲಸ. ಇವೆಲ್ಲದರ ಮೇಲೆ ಪಂಪ್‌ಸೆಟ್ಟಿನ ಏಳು ತಾಸಿನ ಕರೆಂಟು ಪಾಳಿಯ ಪ್ರಕಾರ ಒಂದು ವಾರ ಹಗಲು ಬಂದರೆ ಇನ್ನೊಂದು ವಾರ ರಾತ್ರಿ.

ಇದೇ ಕಾಲದ ಸುಖಗಳೂ ಬೇರೆ ಋತುವಿನಲ್ಲಿ ಸಿಗುವಂಥವಲ್ಲ. ಕೆಂಡದಲ್ಲಿ ಸುಟ್ಟು ಬಡಿದ ಸೀತನಿಯನ್ನು ಬೆಲ್ಲದ ಜೊತೆ ಬಿಸಿಬಿಸಿಯಾಗಿ ತಿನ್ನುವುದು, ಗಾಣದ ಮುಂದೆ ನಿಂತು ಬಿಸಿ ಬೆಲ್ಲವನ್ನು ಕಬ್ಬಿನ ತುಂಡಿಗೆ ಸುತ್ತಿಕೊಂಡು ನೆಕ್ಕುವುದು, ನಸುಕಿನಲ್ಲಿ ಬೆಂಕಿ ಕಾಯಿಸುತ್ತ ಊರಿನ ಸುದ್ದಿಯನ್ನೆಲ್ಲ ಇತ್ಯರ್ಥ ಮಾಡುವುದು. ಕರಡು ತಿದ್ದುವ ಭರದಲ್ಲಿ ಇವುಗಳಿಂದ ತಪ್ಪಿಸಿಕೊಂಡವನಿಗೆ ಊರಲ್ಲಿ ಒಳ್ಳೆಯ ಹೆಸರು ಬರುವುದಿಲ್ಲ.

ರಾತ್ರಿ ಪಾಳಿಯೇ ನನಗೆ ವರವೆಂದು ಮೊದಲ ಎರಡು ವಾರ ಅನಿಸಿತು. ಹೇಗೂ ಎದ್ದಿರಬೇಕು. ಒಂದು ಮಡಿ ತುಂಬುವವರೆಗೆ ಕೈಗೆ ಕೆಲಸವಿಲ್ಲ. ಆ ಬಿಡುವಿನಲ್ಲಿ ಅರ್ಧ ಪುಟ ಆಗುತ್ತದೆ. ಎದ್ದು ಹೋಗಿ ನೀರು ತಿರುವಿ ಬಂದರೆ ಇನ್ನರ್ಧ. ಸುತ್ತ ಕಪ್ಪೆ, ಜೀರುಂಡೆ, ದೂರದಲ್ಲಿ ಹಾಡು ಹಾಕಿಕೊಂಡು ಹೋಗುವ ಕಬ್ಬಿನ ಟ್ರ್ಯಾಕ್ಟರು. ಇಷ್ಟು ಏಕಾಂತ ನನಗೆ ಯಾವ ಗ್ರಂಥಾಲಯದಲ್ಲೂ ಸಿಕ್ಕಿದ್ದಿಲ್ಲ. ಮನೆಯಾಕೆ ಮಾತ್ರ ಇದನ್ನು ಒಪ್ಪಿರಲಿಲ್ಲ. ‘ಏನ್ರೀ, ಪುಸ್ತಕದಾಗಿನ ಅಕ್ಷರ ಎಲ್ಲಿಗೂ ಓಡಿ ಹೋಗೂದಿಲ್ಲ. ನೀರು ಓಡಿ ಹೋಗ್ತದ’ ಎಂದಳು.

ಡಿಸೆಂಬರಿನ ಎರಡನೆಯ ವಾರ ಹಾಗೆಯೇ ಆಯಿತು. ಒಂದು ಪುಟದಲ್ಲಿ ಅಡಿಟಿಪ್ಪಣಿಯ ಸಣ್ಣಕ್ಷರಗಳು ಕಾಡುತ್ತಿದ್ದವು. ಅದನ್ನು ಬಿಡಿಸಿ ಮುಗಿಸಿ ತಲೆ ಎತ್ತಿದಾಗ ಒಂದು ತಾಸು ಮೀರಿತ್ತು. ಕಬ್ಬಿನ ಸಾಲು ತುಂಬಿ, ಬದು ಒಡೆದು, ನೀರು ಕೆಳಗಿನ ಹೊಲಕ್ಕೆ ನುಗ್ಗಿತ್ತು. ಆ ಹೊಲ ನನ್ನ ದೂರದ ಕಾಕಾನದು. ಅದರಲ್ಲಿ ಕಡಲೆ. ಕಾಯಿ ಹಿಡಿಯುವ ಕಡಲೆಗೆ ಎರೆಮಣ್ಣಿನಲ್ಲಿ ನೀರು ನಿಂತರೆ ಏನಾಗುತ್ತದೆಂದು ರೈತರಿಗೆ ಬಿಡಿಸಿ ಹೇಳಬೇಕಿಲ್ಲ. ಅರ್ಧ ಎಕರೆಯಷ್ಟು ಗಿಡ ಹಳದಿಯಾಗಿ ಒಣಗಿತು. ನಷ್ಟ ತುಂಬಿಕೊಡುತ್ತೇನೆಂದು ಮುಖ ತಗ್ಗಿಸಿ ಹೋಗಿ ನಿಂತೆ. ಕಾಕಾ ಬಹಳ ಹೊತ್ತು ಸುಮ್ಮನಿದ್ದು, ‘ರೊಕ್ಕ ಬ್ಯಾಡ. ನಿನ್ನ ಪುಸ್ತಕದಾಗ ಇದನ್ನೂ ಬರದಿಡು’ ಎಂದ. ಬೈದಿದ್ದರೆ ಹಗುರವಾಗುತ್ತಿತ್ತು.

ಆ ರಾತ್ರಿಯ ಮೇಲೆ ಹಳಕಟ್ಟಿಯವರ ಬದುಕನ್ನು ನಾನು ಬೇರೆ ಕಣ್ಣಿನಿಂದ ನೋಡತೊಡಗಿದೆ. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಅವರು ವಚನಗಳ ತಾಳೆಗರಿ ಕಟ್ಟುಗಳನ್ನು ಕಂಡದ್ದು ನಮ್ಮ ರಬಕವಿ–ಬನಹಟ್ಟಿಯ ಮನೆಯೊಂದರಲ್ಲಿ. ವಿಜಾಪುರದಲ್ಲಿ ವಕೀಲಿ ಮಾಡುತ್ತಲೇ ಅವರು ಊರೂರು ಅಲೆದು ಇಂಥ ಕಟ್ಟುಗಳನ್ನು ಹುಡುಕಿದರು. ಜಗುಲಿಯ ಮೇಲಿಟ್ಟು ಪೂಜಿಸುತ್ತಿದ್ದ ಜನ ಬಿಚ್ಚಿ ತೋರಿಸಲೂ ಹಿಂಜರಿಯುತ್ತಿದ್ದರು. ಸಂಪಾದಿಸಿದ ವಚನಗಳ ಹಸ್ತಪ್ರತಿಯನ್ನು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯಕ್ಕೆ ಕಳಿಸಿದರೆ ಅಚ್ಚಾಗದೆ ಹಿಂದಿರುಗಿ ಬಂತು. ಕೊನೆಗೆ ‘ವಚನಶಾಸ್ತ್ರಸಾರ’ದ ಮೊದಲ ಭಾಗ 1923ರಲ್ಲಿ ಬೆಳಗಾವಿಯಲ್ಲಿ ಅಚ್ಚಾಯಿತು. ಆಮೇಲೆ ತಾವೇ ಹಿತಚಿಂತಕ ಮುದ್ರಣಾಲಯ ತೆರೆದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆ ಆರಂಭಿಸಿದರು. ಇದಕ್ಕಾಗಿ ವಾಸದ ಮನೆಯನ್ನೇ ಮಾರಿದರು ಎಂಬುದು ವಿಜಾಪುರ ಸೀಮೆಯಲ್ಲಿ ಮಕ್ಕಳಿಗೂ ಗೊತ್ತಿರುವ ಸಂಗತಿ.

ಇದನ್ನು ನಾನೇ ಮೂವತ್ತು ವರ್ಷ ತರಗತಿಯಲ್ಲಿ ಭಾವುಕನಾಗಿ ಹೇಳಿದ್ದೇನೆ. ‘ಮನೆ ಮಾರಿದರು’ ಎನ್ನುವಾಗ ದನಿ ಏರಿಸಿ ನಿಲ್ಲಿಸುತ್ತಿದ್ದೆ. ಆ ಮನೆಯಲ್ಲಿ ಅವರೊಬ್ಬರೇ ಇರಲಿಲ್ಲವೆಂಬುದು ಒಮ್ಮೆಯೂ ಹೊಳೆದಿರಲಿಲ್ಲ. ಕಕ್ಷಿದಾರರನ್ನು ಬಿಟ್ಟು ತಾಳೆಗರಿಯ ಹಿಂದೆ ಹೋದ ವಕೀಲರ ಮನೆಯ ಒಲೆಯನ್ನು ನೋಡಿಕೊಂಡವರು ಯಾರು? ನಾವು ಬರೆಯುವ ಜೀವನಚರಿತ್ರೆಗಳು ತ್ಯಾಗ ಮಾಡಿದವರ ಹೆಸರನ್ನು ಬರೆಯುತ್ತವೆ, ಆ ತ್ಯಾಗದ ಸಾಲ ತೀರಿಸಿದವರನ್ನು ಬಿಟ್ಟುಬಿಡುತ್ತವೆ. ರನ್ನನ ಮುಧೋಳ ಇಲ್ಲೇ ಪಕ್ಕದಲ್ಲಿದೆ. ಅವನ ಆಶ್ರಯದಾತೆ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿ ಹಂಚಿದಳೆಂದು ಹೆಮ್ಮೆಪಡುತ್ತೇವೆ; ಪಡಬೇಕಾದದ್ದೇ. ಆ ಸಾವಿರ ಪ್ರತಿಗಳನ್ನು ಕಂಠದಿಂದ ಕೊರೆದ ಕೈಗಳು ಯಾರವು, ಅವರ ಹೊಲದ ನೀರನ್ನು ಆ ದಿನಗಳಲ್ಲಿ ಯಾರು ತಿರುವಿದರು ಎಂದು ಯಾರೂ ಬರೆದಿಡಲಿಲ್ಲ.

ಹೀಗೆಂದ ಮಾತ್ರಕ್ಕೆ ಈ ಕೆಲಸವನ್ನು ಪೇಟೆಯ ಜನರಿಗೆ ಬಿಟ್ಟು ನಾವು ಸುಮ್ಮನಿರಬಹುದೇ ಎಂದರೆ, ಇಲ್ಲ. 2014ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ತನ್ನ ಕನ್ನಡ ವಿಶ್ವಕೋಶದ ಸಂಪುಟಗಳನ್ನು ಮುಕ್ತ ಪರವಾನಗಿಯಡಿ ಬಿಟ್ಟುಕೊಟ್ಟಾಗ ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಕುಳಿತು ಅದರ ಪುಟಗಳನ್ನು ವಿಕಿಸೋರ್ಸ್‌ಗೆ ಏರಿಸಿದರು. ದೊಡ್ಡ ಕೆಲಸ ಅದು. ಆದರೆ ನಮ್ಮ ಬೀಳಗಿಯ ಪುಸ್ತಕದಂಥವುಗಳಿಗೆ ಮಣ್ಣು ಬಲ್ಲ ಓದುಗನೂ ಬೇಕು. ಒಂದು ಉದಾಹರಣೆ ಕೊಡುತ್ತೇನೆ. ಪುಸ್ತಕದಲ್ಲಿ ಬರಗಾಲದ ಪ್ರಸ್ತಾಪವಿದೆ. ಊರ ಗೌಡ ಜನರಿಗಾಗಿ ತನ್ನ ‘ಹಗೆಯನ್ನು ತೆಗೆದ’ ಎಂದು ಹಳದಿ ಗುರುತಿನ ಪುಟದಲ್ಲಿತ್ತು. ಹಗೆತನ ತೆಗೆದುಹಾಕಿ ಜನರೊಡನೆ ಒಂದಾದ ಎಂದು ಬೆಂಗಳೂರಿನ ಹುಡುಗ ಅರ್ಥ ಮಾಡಿಕೊಂಡಿದ್ದ. ವಾಕ್ಯ ಸರಿಯಾಗಿಯೇ ಇದೆ, ವ್ಯಾಕರಣದ ದೋಷವೂ ಇಲ್ಲ. ಆದರೆ ಚಿತ್ರದಲ್ಲಿದ್ದದ್ದು ‘ಹಗೆವನ್ನು’. ಹಗೆವು ಎಂದರೆ ನೆಲದೊಳಗೆ ಜೋಳ ತುಂಬಿಡುವ ಕಣಜ. ಅದನ್ನು ತೆಗೆಯುವುದೆಂದರೆ ಸಣ್ಣ ಮಾತಲ್ಲ. ಬಾಯಿ ತೆರೆದು, ಒಳಗಿನ ಕೆಟ್ಟ ಗಾಳಿ ಹೋಗುವವರೆಗೆ ಕಾದು, ಆಮೇಲೆ ಮನುಷ್ಯ ಇಳಿಯಬೇಕು. ಅವಸರ ಮಾಡಿ ಇಳಿದವರು ಉಸಿರುಗಟ್ಟಿ ಸತ್ತದ್ದುಂಟು. ಗೌಡ ಜನರಿಗೆ ಕೊಟ್ಟದ್ದು ಒಳ್ಳೆಯ ಮಾತನ್ನಲ್ಲ, ಜೋಳವನ್ನು. ಒಂದಕ್ಷರದ ತಪ್ಪಿನಲ್ಲಿ ಒಂದು ಊರಿನ ಅನ್ನವೇ ಮಾಯವಾಗಿತ್ತು.

ತಪ್ಪು ಹುಡುಗನದಷ್ಟೇ ಎಂದು ಭಾವಿಸಬೇಡಿ. ಹಳೆಯ ಅಚ್ಚಿನವರು ‘ಎಂಬ’ ಎನ್ನುವುದನ್ನು ‘ಯೆಂಬ’ ಎಂದು ಮುದ್ರಿಸುತ್ತಿದ್ದರು. ಮೂಲದಲ್ಲಿ ಇದ್ದಂತೆಯೇ ಇಡಬೇಕೆಂಬುದು ನಿಯಮ. ನಾನು ಹನ್ನೊಂದು ಪುಟಗಳಲ್ಲಿ ಅದನ್ನೆಲ್ಲ ‘ಎಂಬ’ ಮಾಡಿ ಬೀಗಿದ್ದೆ. ಮೇಷ್ಟರ ಕೆಂಪು ಪೆನ್ನಿನ ಚಟ. ಎರಡನೆಯ ಓದಿಗೆ ಕುಳಿತ ಅದೇ ಹುಡುಗ ಒಂದೊಂದನ್ನೂ ತಿರುಗಿ ‘ಯೆಂಬ’ ಮಾಡಿ, ಬಹಳ ವಿನಯದಿಂದ, ‘ಸರ, ನೀವ ಕಲಿಸಿದ್ರಿ, ನಕಲು ಮಾಡೂಮುಂದ ನೋಡಿ ಬರೀಬೇಕು ಅಂತ’ ಎಂದು ಸಂದೇಶ ಕಳಿಸಿದ. ಅವನು ನನ್ನ ವಿದ್ಯಾರ್ಥಿಯೇ ಆಗಿದ್ದ.

ಡಿಸೆಂಬರ್ 30, ಸೋಮವಾರ, ಎಳ್ಳ ಅಮಾವಾಸ್ಯೆ. ಗಡುವಿಗೆ ಒಂದು ದಿನ ಉಳಿದಿತ್ತು. ಆ ದಿನ ಹೊಲಕ್ಕೆ ಹೋಗದ ರೈತನಿಲ್ಲ. ಸಜ್ಜಿ ಕಡಬು, ಶೇಂಗಾ ಹೋಳಿಗೆ, ಎಣ್ಣೆಗಾಯಿ, ಪುಂಡಿ ಪಲ್ಲೆ ಬುಟ್ಟಿಯಲ್ಲಿ ಹೊತ್ತು ಬೀಗರು, ಬಿಜ್ಜರು, ಮಕ್ಕಳೆಲ್ಲ ಸೇರಿ ಹೋಗಿ ಭೂಮಿತಾಯಿಗೆ ಚರಗ ಚೆಲ್ಲಿ, ಗಿಡದ ನೆರಳಲ್ಲಿ ಉಂಡು ಬರುವ ದಿನ. ಬೆಳಿಗ್ಗೆ ಮುಧೋಳದ ಶಿಕ್ಷಕಿಯ ಫೋನು: ‘ಸರ, ಮನ್ಯಾಗ ಹದಿನೆಂಟು ಮಂದಿ ಉಣ್ಣೂರು ಅದಾರ. ಇವತ್ತ ನನ್ನ ಕೈಲಿಂದ ಆಗೂದಿಲ್ಲ.’ ರಬಕವಿಯ ನೇಕಾರ ಹತ್ತು ದಿನದಿಂದ ಕಾಣೆಯಾಗಿದ್ದ. ಸಂಕ್ರಾಂತಿ ಮುಂದಿನ ಸೀರೆಯ ಬೇಡಿಕೆಗೆ ಅವನು ಎರಡು ಪಾಳಿ ದುಡಿಯುತ್ತಿದ್ದನೆಂದು ಆಮೇಲೆ ತಿಳಿಯಿತು. ಬೀಳಗಿಯ ಇಬ್ಬರಲ್ಲಿ ಒಬ್ಬರ ಕಬ್ಬಿಗೆ ಅಂದೇ ಕಟಾವಿನ ಪಾಳಿ ಬಂದಿತ್ತು. ಎರಡು ದಿನ ಹೆಚ್ಚು ಕೊಡೋಣವೇ ಎಂದು ಬೆಂಗಳೂರಿನಿಂದ ಪ್ರಶ್ನೆ. ಎರಡು ದಿನವಲ್ಲ, ಎರಡು ತಿಂಗಳು ಎಂದೆ. ಲ್ಯಾಪ್‌ಟಾಪನ್ನು ಕಪಾಟಿನಲ್ಲಿಟ್ಟು ಬುಟ್ಟಿ ಹೊತ್ತು ನಡೆದೆ. ಕೆಳಗಿನ ಹೊಲದ ಕಾಕಾನನ್ನು ಊಟಕ್ಕೆ ಕರೆದೆವು. ಬಂದು ಉಂಡ. ಕಡಲೆಯ ಮಾತು ಅವನೂ ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ. ಆದರೆ ಒಣಗಿದ ಆ ತುಣುಕು ಕಣ್ಣೆದುರೇ ಇತ್ತು.

ಜನವರಿ 1 ಬಂತು, ಹೋಯಿತು. 268ರಲ್ಲಿ 171 ಪುಟ ಹಳದಿಯನ್ನಾದರೂ ದಾಟಿದ್ದವು; ಅವುಗಳಲ್ಲಿ ಹಸಿರಾದದ್ದು 94. ಹಳಕಟ್ಟಿಯವರ ಕೃತಿಗಳು ಕಾನೂನಿನ ಹಂಗಿಲ್ಲದೆ ಹೊರಗೆ ನಿಂತಿದ್ದವು, ಅವನ್ನು ಬರಮಾಡಿಕೊಳ್ಳಬೇಕಿದ್ದ ನಾವು ಕಬ್ಬಿನ ಗದ್ದೆಯಲ್ಲಿದ್ದೆವು.

ನಮ್ಮ ಸೋಲಿಗೆ ಸೋಮಾರಿತನ ಕಾರಣವೆಂದು ನಾನು ಒಪ್ಪಲಾರೆ. ಸ್ವಯಂಸೇವೆ ಈ ನೆಲಕ್ಕೆ ಹೊಸದಲ್ಲ. ಜಮಖಂಡಿ ಬಳಿಯ ಚಿಕ್ಕಪಡಸಲಗಿಯಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರು ತಾವೇ ದುಡ್ಡು ಕೂಡಿಸಿ, ತಾವೇ ಮೈಮುರಿದು ಕೃಷ್ಣೆಗೆ ಬ್ಯಾರೇಜು ಕಟ್ಟಿದ್ದು 1989ರಲ್ಲಿ. ‘ಶ್ರಮಬಿಂದು ಸಾಗರ’ ಎಂಬ ಅದರ ಹೆಸರು ಬಾಯಿಮಾತಿನದಲ್ಲ. ಆದರೆ ಅಲ್ಲಿ ಕೆಲಸದ ವೇಳೆ ಗೊತ್ತುಮಾಡಿದ್ದು ಹೊಳೆ. ನೀರು ಇಳಿದಾಗ ಮಾತ್ರ ತಳಪಾಯಕ್ಕೆ ಇಳಿಯಲು ಸಾಧ್ಯ. ಪುಸ್ತಕದ ಕೆಲಸಕ್ಕೂ ನಮ್ಮಲ್ಲಿ ಒಂದು ಋತು ಇದ್ದೇ ಇದೆ. ಶ್ರಾವಣದಲ್ಲಿ ಮುಂಗಾರಿ ಬಿತ್ತಿಗೆ ಮುಗಿದಿರುತ್ತದೆ, ಕಬ್ಬಿಗೆ ಮಳೆಯೇ ನೀರುಣಿಸುತ್ತದೆ, ಸಂಜೆಯಾದರೆ ಮಠಗಳಲ್ಲಿ ಪುರಾಣ ಪ್ರವಚನ. ಓದುವ, ಓದಿಸಿ ಕೇಳುವ ತಿಂಗಳು ಅದೆಂದು ಹಿರಿಯರು ಸುಮ್ಮನೆ ಇಟ್ಟಿರಲಿಕ್ಕಿಲ್ಲ. ಬೆಂಗಳೂರಿನಲ್ಲಿ ಕುಳಿತು ಕನ್ನಡದ ಯೋಜನೆಗಳಿಗೆ ಗಡುವು ಹಾಕುವವರು, ಸರಕಾರದವರಾಗಲಿ ನಮ್ಮಂಥ ಹವ್ಯಾಸಿಗಳಾಗಲಿ, ಗೋಡೆಯ ಕ್ಯಾಲೆಂಡರಿನ ಜೊತೆ ಪಂಚಾಂಗವನ್ನೂ ಒಮ್ಮೆ ತೆರೆದು ನೋಡಲಿ. ಹಳ್ಳಿಯ ಓದುಗನನ್ನು ಸುಗ್ಗಿಯಲ್ಲಿ ಕರೆದು, ಅವನು ಬರಲಿಲ್ಲವೆಂದು ದೂರುವುದು ನ್ಯಾಯವಲ್ಲ.

2025ರ ಶ್ರಾವಣದಲ್ಲಿ ಮತ್ತೆ ಕುಳಿತೆವು. ಏಳರಲ್ಲಿ ಐದು ಜನ ಉಳಿದಿದ್ದೆವು. ಗ್ರಂಥಪಾಲಕರಿಗೆ ಕಣ್ಣಿನ ತೊಂದರೆ, ರಬಕವಿಯ ನೇಕಾರ ಕೆಲಸ ಹುಡುಕಿ ಇಚಲಕರಂಜಿಗೆ ಹೋಗಿದ್ದ. ಈ ಸಲ ಮನೆಯ ಪಡಸಾಲೆಯಲ್ಲೇ ಲ್ಯಾಪ್‌ಟಾಪು. ಮನೆಯಾಕೆ ಅಕ್ಕಿ ಆರಿಸುತ್ತ ಪುಟದ ಚಿತ್ರ ನೋಡಿ ಓದಿದರೆ ನಾನು ತಿದ್ದುವುದು ಎಂದಾಯಿತು. ಏಳನೆಯ ಇಯತ್ತೆಯವರೆಗೆ ಓದಿದ ಅವಳು ನಾನು ದಾಟಿಸಿಬಿಟ್ಟ ಮೂರು ತಪ್ಪುಗಳನ್ನು ಹಿಡಿದಳು. ವಿಕಿಸೋರ್ಸ್‌ನಲ್ಲಿ ಆ ಪುಟಗಳ ಇತಿಹಾಸದಲ್ಲಿ ನನ್ನ ಹೆಸರಷ್ಟೇ ಇದೆ. ಅವಳಿಗೂ ಒಂದು ಖಾತೆ ತೆರೆಯೋಣವೆಂದರೆ, ‘ನನಗ್ಯಾಕ್ರೀ ಬೇಕು’ ಎಂದು ನಕ್ಕು ಎದ್ದು ಹೋದಳು.

ಭಾದ್ರಪದ ಕಾಲಿಡುವ ಹೊತ್ತಿಗೆ 268 ಪುಟವೂ ಹಸಿರಾದವು. ಮೂಲ ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿ ಬೀಳಗಿಯ ಆ ಮನೆಗೆ ಕೊಟ್ಟು ಬಂದೆವು. ಅವರು ಅದನ್ನು ಮತ್ತೆ ಅದೇ ಟ್ರಂಕಿನಲ್ಲಿಟ್ಟರು. ಹಳಕಟ್ಟಿಯವರ ಪುಸ್ತಕಗಳಿಗೆ ಇನ್ನೂ ಕೈ ಹಚ್ಚಿಲ್ಲ. ಕಾಕಾನಿಗೆ ನಾನು ಕೊಡಬೇಕಾದ ಅರ್ಧ ಎಕರೆ ಕಡಲೆಯ ಬಾಕಿಯೂ ಹಾಗೆಯೇ ಇದೆ. ಬರೆದಿಡು ಎಂದಿದ್ದ, ಇಲ್ಲಿ ಬರೆದಿಟ್ಟಿದ್ದೇನೆ.